ಹೆಸರಿಲ್ಲದ ಚೀನಾ ಕಾರ್ಬನ್ ಫ್ರೇಮಿಗೆ ಉಡುಪಿಯಲ್ಲಿ ರೋಡ್ ಬೈಕ್ ಕಟ್ಟಿದ್ದು: ಉಪ್ಪುಗಾಳಿ, ಮಳೆ, ಘಾಟಿ

ಪಡುಕೆರೆ ಸವಾರ

ಬೈಕ್ ರಸ್ತೆಗಿಳಿದು ಒಂದು ಮಳೆಗಾಲ ದಾಟಿತು. ಕೊಳ್ಳುವ ಮೊದಲು ನಮ್ಮ ಕಡೆಯ ಹವೆಗೆ ಇಂಥ ಫ್ರೇಮ್ ತಡೀತದಾ ಅಂತ ಹುಡುಕಿದರೆ ಕನ್ನಡದಲ್ಲಿ ಓದ್ಲಿಕ್ಕೆ ಏನೂ ಸಿಗಲಿಲ್ಲ. ಬೆಂಗಳೂರಿನವರ ಅನುಭವ ಬೇರೆ, ಅವರ ಬೈಕಿಗೆ ಉಪ್ಪುಗಾಳಿ ತಾಗುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ.

ನಾನು ತರಿಸಿದ್ದು ಹೆಸರಿಲ್ಲದ ಫ್ರೇಮ್, ನಕಲಿ ಫ್ರೇಮ್ ಅಲ್ಲ. ಪಿನರೆಲ್ಲೊ ಅಂತ ಸ್ಟಿಕ್ಕರ್ ಅಂಟಿಸಿ ಕಾಲು ಬೆಲೆಗೆ ಮಾರುವ ಮಾಲಿನ ಹತ್ತಿರ ಹೋಗಲೇಬೇಡಿ, ಅಲ್ಲಿ ಮೊದಲ ಹೆಜ್ಜೆಯಲ್ಲೇ ಸುಳ್ಳು ಉಂಟು. ಓಪನ್ ಮೋಲ್ಡ್ ಫ್ರೇಮ್ ಅಂದ್ರೆ ಕಾರ್ಖಾನೆಯವರೇ ಅಚ್ಚು ಮಾಡಿಟ್ಟುಕೊಂಡು, ಕೇಳಿದವರಿಗೆಲ್ಲ ಅದೇ ಅಚ್ಚಿನ ಫ್ರೇಮ್ ಕೊಡುವುದು. ಅದನ್ನೇ ಯಾವುದೋ ಯುರೋಪಿನ ಸಣ್ಣ ಬ್ರ್ಯಾಂಡ್ ತಗೊಂಡು ಬಣ್ಣ ಹೊಡೆದು ಮೂರು ಪಟ್ಟು ಬೆಲೆಗೆ ಮಾರ್ತದೆ, ನಮಗೆ ಬಣ್ಣ ಇಲ್ಲದೆ ಬರ್ತದೆ. ಶಿಯಾಮೆನ್, ಶೆನ್‌ಝೆನ್, ಡಾಂಗ್‌ಗುವಾನ್ ಕಡೆ ಇಂಥ ಕಾರ್ಖಾನೆಗಳು ತುಂಬ. ಹಾಂಗ್‌ಫು, ಡೆಂಗ್‌ಫು, ಕಾರ್ಬೊಂಡಾ ಹೆಸರು ನೀವೂ ಕೇಳಿರಬಹುದು.

ಫ್ರೇಮ್ ಆರಿಸುವಾಗ ನಾನು ತೂಕ ನೋಡಲಿಲ್ಲ, ಏರೋ ಆಕಾರವನ್ನೂ ನೋಡಲಿಲ್ಲ. ನೋಡಿದ್ದು ಒಂದೇ: ಮನೆಯ ಜಗಲಿಯಲ್ಲಿ ಕೂತು ಇದರ ಒಂದೊಂದು ಭಾಗವನ್ನೂ ಬಿಚ್ಚಿ, ಒರೆಸಿ, ಗ್ರೀಸ್ ಹಚ್ಚಿ ಮತ್ತೆ ಹಾಕ್ಲಿಕ್ಕೆ ಆಗ್ತದಾ ಅಂತ. ಬಾಟಮ್ ಬ್ರಾಕೆಟ್ (ಪೆಡಲಿನ ಕ್ರ್ಯಾಂಕ್ ತಿರುಗುವ ಬೇರಿಂಗ್ ಕೂರುವ ಜಾಗ) ಥ್ರೆಡ್ ಇರುವ ಬಿಎಸ್‌ಎ ಮಾದರಿಯದ್ದು. ಸೀಟ್‌ಪೋಸ್ಟ್ 27.2 ಮಿ.ಮೀ. ದುಂಡಗಿನದು, ಯಾವ ಊರಿನಲ್ಲೂ ಬದಲಿ ಸಿಗ್ತದೆ. ಕೇಬಲ್‌ಗಳು ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಒಳಗಿನಿಂದ ಹೋಗದೆ ಡೌನ್‌ಟ್ಯೂಬಿನ ಪಕ್ಕದಿಂದ ಒಳಗೆ ಹೋಗುವಂಥದ್ದು. ಡಿಸ್ಕ್ ಬ್ರೇಕ್, ಫ್ಲಾಟ್ ಮೌಂಟ್, ಮುಂದೆ 12×100, ಹಿಂದೆ 12×142 ಥ್ರೂ ಆಕ್ಸೆಲ್ (ಚಕ್ರದ ನಡುವಿನಿಂದ ತೂರಿಸಿ ಬಿಗಿಯುವ ಅಕ್ಷ). 32 ಮಿ.ಮೀ. ಟಯರಿನವರೆಗೆ ಜಾಗ ಉಂಟು.

ಗ್ರೂಪ್‌ಸೆಟ್ (ಗೇರು, ಬ್ರೇಕಿನ ಸೆಟ್) ಶಿಮಾನೊ 105, ಆರ್7000 ಸರಣಿಯದ್ದು, 11 ಸ್ಪೀಡ್, ಹೈಡ್ರಾಲಿಕ್ ಬ್ರೇಕ್. 12 ಸ್ಪೀಡಿನ 105 ಬಂದ ಮೇಲೆ ಹಳೆಯದು ಸ್ವಲ್ಪ ಕಡಿಮೆಗೆ ಸಿಕ್ಕಿತು. ಗೇರಿನ ಹಲ್ಲು ಮುಂದೆ 50-34, ಹಿಂದೆ 11-32. ಚಕ್ರ ಅಲ್ಯೂಮಿನಿಯಂ ರಿಮ್ಮಿನದ್ದೇ. ಬೇಕಂತಲೇ.

ಪೆಟ್ಟಿಗೆ ಬಂದ ದಿನ ಜೋಡಿಸಲು ಕೂರಲಿಲ್ಲ. ವರ್ನಿಯರ್ ಹಿಡಿದು ಅಳೆದೆ. ಬಿಎಸ್‌ಎ ಶೆಲ್ಲಿನ ಅಗಲ 68, ಸರಿ ಉಂಟು. ಎರಡೂ ಕಪ್ಪನ್ನು ಕೈಯಲ್ಲೇ ತಿರುಗಿಸಿ ನೋಡಿದೆ, ಕೊನೆಯವರೆಗೂ ಹಿಡಿಯದೆ ಹೋಯಿತು (ಬಲಗಡೆಯದ್ದು ಉಲ್ಟಾ ಥ್ರೆಡ್, ನೆನಪಿರಲಿ). ಹಿಂದಿನ ಚಕ್ರ ಹಾಕಿ ಎರಡೂ ಚೈನ್‌ಸ್ಟೇಗೆ (ಹಿಂದಿನ ಚಕ್ರದ ಕಡೆ ಹೋಗುವ ಕೆಳಗಿನ ಕೊಳವೆಗಳು) ಇರುವ ಅಂತರ ನೋಡಿದೆ. ಮೊಬೈಲಿಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ ಒಂದನ್ನು ಸೀಟ್‌ಟ್ಯೂಬಿನೊಳಗೆ ಬಿಟ್ಟು ಬಾಟಮ್ ಬ್ರಾಕೆಟ್ ಸಂದು, ಹೆಡ್‌ಟ್ಯೂಬಿನ ಹಿಂಬದಿ ಎರಡನ್ನೂ ನಿಧಾನಕ್ಕೆ ನೋಡಿದೆ.

ನನಗೆ ಧೈರ್ಯ ಕೊಟ್ಟದ್ದು ಸ್ಟಿಯರರ್ ಕತ್ತರಿಸಿದ ಹೊತ್ತು. ಫೋರ್ಕಿನ ಸ್ಟಿಯರರ್, ಅಂದ್ರೆ ಹೆಡ್‌ಟ್ಯೂಬಿನೊಳಗಿನಿಂದ ಹ್ಯಾಂಡಲಿನವರೆಗೆ ಹೋಗುವ ಕೊಳವೆ, ಉದ್ದಕ್ಕೇ ಬರ್ತದೆ, ನಮ್ಮ ಎತ್ತರಕ್ಕೆ ನಾವೇ ಕತ್ತರಿಸಬೇಕು. ಗುರುತಿನ ಮೇಲೆ ಎರಡು ಸುತ್ತು ಟೇಪ್, ಇಂಚಿಗೆ 32 ಹಲ್ಲಿನ ಹೊಸ ಬ್ಲೇಡ್, ಗರಗಸ ನೇರ ನಿಲ್ಲಲು ಗೈಡ್. ಮೂಗಿಗೆ ಮಾಸ್ಕ್ ಕಟ್ಟಿ, ಬ್ಲೇಡಿಗೆ ನೀರು ಹನಿಸುತ್ತಾ ಎಳೆದೆ. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಹೋಗಬಾರದು, ನೀರು ಹನಿಸಿದರೆ ಅದು ಕಪ್ಪು ಕೆಸರಾಗಿ ಕೆಳಗೆ ಇಳಿಯುತ್ತದೆ. ಕತ್ತರಿಸಿದ ಬಳೆಯಂಥ ತುಂಡನ್ನು ತೊಳೆದು, ನಯವಾದ ಮರಳು ಕಾಗದದಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು ನೋಡಿದೆ. ಪದರ ಪದರ ಕಾಣ್ತದೆ. ಸುತ್ತಲೂ ಗೋಡೆಯ ದಪ್ಪ ಒಂದೇ ಸಮ. ಪದರಗಳ ನಡುವೆ ಸೂಜಿಮೊನೆಯಷ್ಟೂ ತೂತಿಲ್ಲ. ಯಾವ ದೊಡ್ಡ ಬ್ರ್ಯಾಂಡಿನ ಬೈಕ್ ಕೊಂಡರೂ ಅದರ ಒಳಗು ಹೀಗೆ ಕಣ್ಣಿಗೆ ಬೀಳುವುದಿಲ್ಲ. ಆ ತುಂಡನ್ನು ತೆಗೆದಿಟ್ಟಿದ್ದೇನೆ.

ಸವಾರಿ ಹೇಗೆ ಅಂತ ಕೇಳಿದರೆ: ಮಲ್ಪೆಯಿಂದ ಪಡುಕೆರೆ, ಮಟ್ಟು, ಕಾಪು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ ಇರುವ ಆ ದಾರಿಯಲ್ಲಿ ಮಧ್ಯಾಹ್ನದ ಪಡುಗಾಳಿಗೆ ಯಾವ ಫ್ರೇಮೂ ಉತ್ತರ ಅಲ್ಲ, ಮೊದಲಿನ ಹಾಗೇ ಬಗ್ಗಿ ತುಳಿಯಬೇಕು. ಆದ್ರೆ ಕಾಂಕ್ರೀಟ್ ರಸ್ತೆಯ ಜೋಡಣೆಗಳ ಮೇಲೆ ಹೋಗುವಾಗ ನನ್ನ ಹಳೆಯ ಅಲ್ಯೂಮಿನಿಯಂ ಬೈಕಿನಲ್ಲಿ ಅಂಗೈ ಜುಮ್ಮೆನ್ನುತ್ತಿತ್ತು, ಇದರಲ್ಲಿ ಅದು ಬಹಳ ಕಡಿಮೆ. ಅದರಲ್ಲಿ ಅರ್ಧ ಪಾಲು 28 ಮಿ.ಮೀ. ಟಯರಿಗೆ ಹೋಗಬೇಕು. ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ ಎದ್ದು ನಿಂತು ತುಳಿದರೆ ಬಾಟಮ್ ಬ್ರಾಕೆಟ್ ಅಲುಗುವುದಿಲ್ಲ. ಇಳಿಯುವಾಗ ಬೈಕ್ ಹೇಳಿದ ಕಡೆ ಹೋಗ್ತದೆ. ನನಗೆ ಅಷ್ಟು ಸಾಕು.

ಕೂಳೂರು ಸೇತುವೆ

ಚೆನ್ನಾಗಿ ಬರೆದಿದ್ದೀರಿ. ಆದರೂ ನನಗೆ ಒಪ್ಪಿಗೆ ಇಲ್ಲ. ಕಾರಣ ಹೇಳ್ತೇನೆ.

ಸ್ಟೀಲ್ ಬಾಗ್ತದೆ, ಅಲ್ಯೂಮಿನಿಯಂ ಬಿರುಕು ಬಿಟ್ಟು ಸ್ವಲ್ಪ ಸಮಯ ಕೊಡ್ತದೆ. ಕಾರ್ಬನ್ ಸ್ಟಿಯರರ್ ಹೋದರೆ ಒಮ್ಮೆಲೇ ಹೋಗ್ತದೆ, ಹ್ಯಾಂಡಲ್ ಕೈಯಲ್ಲೇ ಉಳೀತದೆ, ಮುಖ ರಸ್ತೆಗೆ. ಹೈವೇ 66ರಲ್ಲಿ ಸುರತ್ಕಲ್‌ನಿಂದ ಪಡುಬಿದ್ರಿವರೆಗೆ ಹಿಂದಿನಿಂದ ಟ್ಯಾಂಕರ್ ಬರ್ತಾ ಇರುವಾಗ ಅದು ಆಗಬೇಕಾ?

ಬೈಕಿಗೆ ಐಎಸ್‌ಒ 4210 ಅಂತ ಒಂದು ಮಾನದಂಡ ಉಂಟು. ಅದರಲ್ಲಿ ಫ್ರೇಮಿನ ಮೇಲೆ ತೂಕ ಬೀಳಿಸಿ ನೋಡ್ತಾರೆ, ಪೆಡಲಿನ ಒತ್ತಡವನ್ನು 1 ಲಕ್ಷ ಸಲ ಕೊಟ್ಟು ನೋಡ್ತಾರೆ. ಮಾರುವವರೆಲ್ಲ 'ಟೆಸ್ಟ್ ಪಾಸ್' ಅಂತ ಬರೀತಾರೆ. ಆದರೆ ಒಂದು ಮಾದರಿಯ ಒಂದು ಫ್ರೇಮ್ ಪಾಸಾದರೆ ನಿಮ್ಮ ಪೆಟ್ಟಿಗೆಯಲ್ಲಿ ಬಂದದ್ದೂ ಪಾಸು ಅಂತ ಆಗುವುದಿಲ್ಲ. ದೊಡ್ಡ ಬ್ರ್ಯಾಂಡಿನವರು ತಮ್ಮ ಹೆಸರು ಉಳಿಸಿಕೊಳ್ಳಲು ಬ್ಯಾಚಿನಿಂದ ಬ್ಯಾಚಿಗೆ ಕಣ್ಣಿಡ್ತಾರೆ, ಎಡವಟ್ಟಾದರೆ ಮಾಲು ವಾಪಸು ಕರೀತಾರೆ. ನಿಮ್ಮ ಫ್ರೇಮಿನಲ್ಲಿ ದೋಷ ಉಂಟು ಅಂತ ನಾಳೆ ಕಾರ್ಖಾನೆಗೆ ಗೊತ್ತಾದರೆ ನಿಮಗೆ ಹೇಳುವವರು ಯಾರು?

ಮಣಿಪಾಲ ಏರು

ನಾನು ಓದುತ್ತಿರುವುದೇ ಕಾಂಪೊಸಿಟ್ ವಸ್ತುಗಳ ಬಗ್ಗೆ, ಹಾಗಾಗಿ ನಡುವೆ ಬರ್ತೇನೆ. ಇಬ್ಬರೂ ಹೇಳಿದ್ದರಲ್ಲಿ ಸತ್ಯ ಉಂಟು.

ಮಾರುವವರು ದೊಡ್ಡದಾಗಿ ಬರೆಯುವ ಟಿ700, ಟಿ800, ಟಿ1000 ಅನ್ನುವುದು ಜಪಾನಿನ ಟೊರೇ ಕಂಪನಿಯ ನೂಲಿನ ದರ್ಜೆಗಳು. ಟಿ700 ನೂಲಿನ ಎಳೆತದ ಬಲ 4,900 ಮೆಗಾಪ್ಯಾಸ್ಕಲ್, ಬಿಗಿತ 230 ಗಿಗಾಪ್ಯಾಸ್ಕಲ್. ಟಿ800ಕ್ಕೆ ಬಿಗಿತ 294. ಟಿ1000ಕ್ಕೂ ಬಿಗಿತ ಅದೇ 294, ಬಲ ಮಾತ್ರ ಜಾಸ್ತಿ. ಅಂದರೆ 'ಟಿ1000, ಸೂಪರ್ ಸ್ಟಿಫ್' ಅಂತ ಜಾಹೀರಾತು ಇದ್ದರೆ ಅದನ್ನು ಬರೆದವರಿಗೆ ನೂಲಿನ ಪರಿಚಯ ಇಲ್ಲ. ಇನ್ನು ಇಡೀ ಫ್ರೇಮು ಆ ನೂಲಿನದ್ದೇ ಅಂತಲೂ ಅಲ್ಲ. ಎಲ್ಲ ಕಂಪನಿಗಳೂ ಎರಡು ಮೂರು ದರ್ಜೆ ಬೆರೆಸ್ತಾರೆ, ಬೆರೆಸಲೂ ಬೇಕು.

ನೂಲಿಗಿಂತ ಮುಖ್ಯ ಅದನ್ನು ಕೂರಿಸುವ ಕೈ. ರೆಸಿನ್ ಹಚ್ಚಿದ ಕಾರ್ಬನ್ ಹಾಳೆಗಳನ್ನು ಕತ್ತರಿಸಿ ಒಂದರ ಮೇಲೊಂದು ಇಡ್ತಾರೆ: ಕೊಳವೆಯ ಉದ್ದಕ್ಕೆ ಇಟ್ಟದ್ದು ಬಾಗುವುದನ್ನು ತಡೀತದೆ, 45 ಡಿಗ್ರಿಗೆ ಇಟ್ಟದ್ದು ತಿರುಚುವುದನ್ನು ತಡೀತದೆ. ನಂತರ ಒಳಗಿನಿಂದ ಗಾಳಿಚೀಲ ಉಬ್ಬಿಸಿ, ಅಚ್ಚಿಗೆ ಒತ್ತಿ ಬೇಯಿಸ್ತಾರೆ. ಪತ್ರೊಡೆಗೆ ಕೆಸುವಿನ ಎಲೆ, ಹಿಟ್ಟು, ಮತ್ತೆ ಎಲೆ ಅಂತ ಸುತ್ತುವಾಗ ನಡುವೆ ಗಾಳಿ ಉಳಿದರೆ ಬೆಂದ ಮೇಲೆ ಅಲ್ಲೇ ಬಿಚ್ಚಿಕೊಳ್ತದಲ್ಲ, ಇಲ್ಲೂ ಹಾಗೆಯೇ. ಗಾಳಿ ಉಳಿಯುವುದು, ಹಾಳೆ ಮಡಚಿಕೊಳ್ಳುವುದು ಸಪೂರ ಕೊಳವೆಯ ನಡುವಲ್ಲಿ ಕಡಿಮೆ. ಅದು ಆಗುವುದು ತಿರುವಿನಲ್ಲಿ: ಬಾಟಮ್ ಬ್ರಾಕೆಟ್ ಸಂದು, ಹೆಡ್‌ಟ್ಯೂಬಿನ ಹಿಂದೆ, ಫೋರ್ಕಿನ ಕ್ರೌನ್ (ಎರಡೂ ಕಾಲು ಸೇರುವಲ್ಲಿ). ಪಡುಕೆರೆಯವರು ಕ್ಯಾಮೆರಾ ಬಿಟ್ಟದ್ದು ಸರಿಯಾದ ಜಾಗಕ್ಕೆ. ಒಳಗೆ ಏನು ಕಂಡರೆ ಹಿಂದೆ ಕಳಿಸಬೇಕು ಅಂದರೆ, ಅಲೆಅಲೆಯಾಗಿ ಸುಕ್ಕುಗಟ್ಟಿದ ಪದರ, ಕೆರೆ ಕಟ್ಟಿದ ಹಾಗೆ ನಿಂತ ರೆಸಿನ್, ಬೆರಳಿಗೆ ಪುಡಿ ಬರುವ ಒಣ ನೂಲು. ಗಾಳಿಚೀಲದ ಚೂರು ಒಳಗೆ ಅಂಟಿಕೊಂಡು ಉಳಿದಿದ್ದರೆ ಅದರಿಂದ ಅಪಾಯವಿಲ್ಲ, ಕಿತ್ತು ತೆಗೆದರಾಯ್ತು.

ಕೂಳೂರಿನವರ ಕೊನೆಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರ ಇಲ್ಲ. ಅದು ನಿಜವಾದ ಕೊರತೆ. ವರದಿ ಕೇಳಿ, ಕೊಟ್ಟರೆ ಅದರಲ್ಲಿ ಫ್ರೇಮಿನ ಮಾದರಿ ಸಂಖ್ಯೆ, ಫೋರ್ಕಿನ ಮಾದರಿ ಸಂಖ್ಯೆ, ತಾರೀಕು ಮೂರೂ ನಿಮ್ಮದಕ್ಕೆ ಹೊಂದುತ್ತದಾ ನೋಡಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಕುಂದಾಪ್ರ ಕಡೆಯವ

ಹ್ವಾಯ್, ಅದೆಲ್ಲ ಇರಲಿ ಮರ್ರೆ, ಒಟ್ಟು ಎಷ್ಟಾಯ್ತು? ತರಿಸಿದ್ದು ಹೇಗೆ? ಅಲಿಎಕ್ಸ್‌ಪ್ರೆಸ್ ಬಂದ್ ಆಗಿ ವರ್ಷಗಳೇ ಆದವಲ್ಲ.

ಪಡುಕೆರೆ ಸವಾರ

ಹೌದು, 2020ರ ನವೆಂಬರಿನಲ್ಲಿ ಬಂದ್ ಮಾಡಿದ ಆ್ಯಪ್‌ಗಳಲ್ಲಿ ಅದೂ ಇತ್ತು. ನಾನು ಕಾರ್ಖಾನೆಯವರಿಗೆ ನೇರ ಮೇಲ್ ಬರೆದು ತರಿಸಿದ್ದು. ಫ್ರೇಮ್, ಫೋರ್ಕ್, ಸೀಟ್‌ಪೋಸ್ಟ್, ಹೆಡ್‌ಸೆಟ್ ಸೇರಿ 500 ಡಾಲರ್ ಆಸುಪಾಸು, ಕೊರಿಯರ್ ಪ್ರತ್ಯೇಕ. ಕೊರಿಯರಿನವರು ಕೆವೈಸಿ ಕೇಳ್ತಾರೆ. ಅದರ ಮೇಲೆ ಕಸ್ಟಮ್ಸ್ ಸುಂಕ, ಸರ್‌ಚಾರ್ಜ್, ಐಜಿಎಸ್‌ಟಿ. ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದದ್ದು ಈಗ ತರಿಸುವವರಿಗೆ ಒಳ್ಳೆಯದಾಯಿತು.

ಒಂದು ವಿಷಯ ಗಟ್ಟಿಯಾಗಿ ಹೇಳ್ತೇನೆ. 'ಬಿಲ್ಲಿನಲ್ಲಿ ಎಷ್ಟು ತೋರಿಸಲಿ' ಅಂತ ಮಾರುವವರು ಕೇಳ್ತಾರೆ. ಕೊಟ್ಟದ್ದನ್ನೇ ತೋರಿಸಿ ಅಂತ ಹೇಳಿ. ಕಡಿಮೆ ತೋರಿಸುವುದು ಕಾನೂನಿಗೆ ವಿರುದ್ಧ. ಅದಲ್ಲದೆ ದಾರಿಯಲ್ಲಿ ಫ್ರೇಮ್ ಒಡೆದರೆ ಆ ಕಡಿಮೆ ಮೊತ್ತದ ಮೇಲೆಯೇ ಪರಿಹಾರ. ಪೆಟ್ಟಿಗೆ ಬಿಚ್ಚುವಾಗ ಪೂರ್ತಿ ವಿಡಿಯೋ ಮಾಡಿಕೊಳ್ಳಿ.

ಧಕ್ಕೆಯವ

ನನ್ನ ಕಸುಬು ಬೋಟಿನ ಇಂಜಿನ್. ಬೆಳಿಗ್ಗೆ ಹೊತ್ತು ಸೈಕಲ್. ನೀವೆಲ್ಲ ಫ್ರೇಮ್ ಒಡೀತದಾ ಅಂತ ಮಾತಾಡ್ತಾ ಇದ್ದೀರಿ. ನಮ್ಮ ಕಡೆ ಅದಕ್ಕಿಂತ ಮೊದಲು ಆಗುವುದು ಬೇರೆ.

ಕಾರ್ಬನ್ ತುಕ್ಕು ಹಿಡಿಯುವುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಸರಿ. ಆದರೆ ಅದು ವಿದ್ಯುತ್ ಹರಿಸ್ತದೆ. ಅದಕ್ಕೆ ತಾಗಿಕೊಂಡು ಅಲ್ಯೂಮಿನಿಯಂ ಇದ್ದು, ನಡುವೆ ಉಪ್ಪುನೀರು ನಿಂತರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ಆಯಿತು. ಸವೆಯುವುದು ಅಲ್ಯೂಮಿನಿಯಂ. ಬೋಟಿನ ಅಡಿಯಲ್ಲಿ, ಪ್ರೊಪೆಲ್ಲರ್ ಹತ್ತಿರ ನಾವು ಸತುವಿನ ಗಟ್ಟಿ ಕಟ್ಟುವುದು ಇದಕ್ಕೇ. ಸತು ಸವೆದು ಉಳಿದ ಲೋಹ ಉಳೀಲಿ ಅಂತ. ಸೈಕಲ್ಲಿಗೆ ಸತು ಕಟ್ಟಲಿಕ್ಕೆ ಆಗುವುದಿಲ್ಲ, ಹಾಗಾಗಿ ಎರಡೂ ನೇರ ತಾಗದಂತೆ ನೋಡಿಕೊಳ್ಳಬೇಕು, ಉಪ್ಪು ನಿಲ್ಲದಂತೆ ನೋಡಿಕೊಳ್ಳಬೇಕು.

ಎಲ್ಲಿ ನೋಡಬೇಕು ಹೇಳ್ತೇನೆ. ಕಾರ್ಬನ್ ಫ್ರೇಮಿಗೆ ಅಲ್ಯೂಮಿನಿಯಂ ಸೀಟ್‌ಪೋಸ್ಟ್ ಹಾಕಿ, ಎತ್ತರ ಸರಿಯಾಯ್ತು ಅಂತ ಎರಡು ಮಳೆಗಾಲ ಮುಟ್ಟದೆ ಬಿಟ್ಟರೆ ಮತ್ತೆ ಅದು ಬರುವುದಿಲ್ಲ. ಅಲ್ಯೂಮಿನಿಯಂ ಸವೆದಾಗ ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ತಿನ್ನುತ್ತದೆ, ಒಳಗೆ ಒತ್ತಿ ಹಿಡೀತದೆ. ನನ್ನಲ್ಲಿಗೆ ಅಂಥ ಒಂದು ಫ್ರೇಮ್ ಬಂದಿತ್ತು, ಒಳ್ಳೆಯ ಬ್ರ್ಯಾಂಡಿನದ್ದೇ. ಪೋಸ್ಟನ್ನು ಒಳಗಿನಿಂದ ಉದ್ದಕ್ಕೆ ಗರಗಸದಲ್ಲಿ ಸೀಳಿ ತೆಗೆಯಬೇಕಾಯಿತು. ಕಾರ್ಬನ್ ಪೋಸ್ಟ್ ಹಾಕಿ, ಜಾರದಂತೆ ಹಿಡಿಸುವ ಅಸೆಂಬ್ಲಿ ಪೇಸ್ಟ್ ಹಚ್ಚಿ, ತಿಂಗಳಿಗೊಮ್ಮೆ ಹೊರತೆಗೆದು ಒರೆಸಿ. ಬಾಟಲಿ ಕೇಜಿನ ಬೋಲ್ಟು ಇನ್ನೊಂದು. ಫ್ರೇಮಿನೊಳಗೆ ಕೂರಿಸಿದ ಅಲ್ಯೂಮಿನಿಯಂ ನಟ್ಟು, ಅದಕ್ಕೆ ಸ್ಟೀಲ್ ಬೋಲ್ಟು, ಮೇಲಿನಿಂದ ಬೆವರು, ಎಲೆಕ್ಟ್ರೊಲೈಟ್ ನೀರು, ಕಡಲ ಗಾಳಿ. ಬಿಳಿ ಪುಡಿ ಕಂಡರೆ ಕೂಡಲೇ ಬಿಚ್ಚಿ. ಬಿಟ್ಟರೆ ಬೋಲ್ಟು ತಿರುಗಿಸುವಾಗ ನಟ್ಟೇ ಒಳಗೆ ತಿರುಗ್ತದೆ. ಬಾಟಮ್ ಬ್ರಾಕೆಟ್ಟಿನ ಅಲ್ಯೂಮಿನಿಯಂ ಥ್ರೆಡ್ ತೋಳಿಗೂ ಕಾರ್ಬನ್ನಿಗೂ ನಡುವೆ ಗಾಜಿನ ನೂಲಿನ ಪದರ ಇಡುವ ಪದ್ಧತಿ ಒಳ್ಳೆಯ ಕಾರ್ಖಾನೆಗಳಲ್ಲಿ ಉಂಟು. ಮೇಲ್ ಬರೆಯುವಾಗ ಇದನ್ನೊಂದು ಕೇಳಿ. ಕೇಳಿದ್ದು ಅರ್ಥವಾಗಿ ಉತ್ತರ ಕೊಟ್ಟರೆ ಅವರಿಗೆ ಕೆಲಸ ಗೊತ್ತುಂಟು.

ಗ್ರೀಸ್ ಬೋಟಿನವರು ಬಳಸುವ ಮೆರೈನ್ ಗ್ರೀಸೇ ಸಾಕು. ಮಲ್ಪೆಯಲ್ಲಿ, ಇಲ್ಲಿ ಬಂದರಿನಲ್ಲಿ ಯಾವ ಬೋಟಿನ ಸಾಮಾನಿನ ಅಂಗಡಿಯಲ್ಲೂ ಸಿಗ್ತದೆ, ಡಬ್ಬಿಗೆ ಸೈಕಲ್ ಗ್ರೀಸಿನ ಸಣ್ಣ ಟ್ಯೂಬಿನಷ್ಟೂ ಬೆಲೆ ಇಲ್ಲ. ನೀರಿಗೆ ತೊಳೆದು ಹೋಗುವುದಿಲ್ಲ. ಕಾರ್ಬನ್ನನ್ನು ಕ್ಲ್ಯಾಂಪ್ ಹಿಡಿಯುವ ಜಾಗಕ್ಕೆ ಮಾತ್ರ ಗ್ರೀಸ್ ಬೇಡ, ಜಾರ್ತದೆ, ಅಲ್ಲಿಗೆ ಪೇಸ್ಟೇ. ಮತ್ತೆ ಬೀಚಿನ ರಸ್ತೆಯಿಂದ ಬಂದ ಮೇಲೆ ಬಾವಿಯ ನೀರು ಮೇಲಿನಿಂದ ಮೆಲ್ಲ ಹೊಯ್ಯಿರಿ, ಪ್ರೆಶರ್ ಗನ್ ಬೇಡ. ಬೈಕನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿ ಒಳಗಿನ ನೀರು ಇಳಿಸಿ. ಬಾಟಮ್ ಬ್ರಾಕೆಟ್ ಅಡಿಯಲ್ಲಿ ನೀರು ಹೋಗುವ ತೂತು ಉಂಟಾ ಅಂತ ಮೊದಲೇ ನೋಡಿ.

ನೀರುಮಾರ್ಗ ಏರು

ಧಕ್ಕೆಯವರ ಮಾತಿಗೆ ನೂರಕ್ಕೆ ನೂರು. ನನ್ನ ಫ್ರೇಮ್ ಬಿಬಿ86 ಪ್ರೆಸ್‌ಫಿಟ್, ಅಂದರೆ ಬಾಟಮ್ ಬ್ರಾಕೆಟ್ಟಿಗೆ ಥ್ರೆಡ್ ಇಲ್ಲ, ಕಪ್ಪನ್ನು ಒತ್ತಿ ಕೂರಿಸುವುದು. ಶೆಲ್ಲಿನ ತೂತು 41 ಮಿ.ಮೀ. ಇರಬೇಕು, ಬಂದದ್ದರಲ್ಲಿ ಒಂದು ಕಡೆ ಸರಿ, ಇನ್ನೊಂದು ಕಡೆ ಕೂದಲೆಳೆಯಷ್ಟು ದೊಡ್ಡದು. ಕಾಣುವಾಗ ಏನೂ ಇಲ್ಲ. ವಾಮಂಜೂರು ಏರಿನಲ್ಲಿ ಭಾರ ಹಾಕಿದರೆ ಟಿಕ್ ಟಿಕ್ ಟಿಕ್. ಮಾರಿದವರಿಗೆ ವರ್ನಿಯರ್ ಹಿಡಿದ ಚಿತ್ರ ಕಳಿಸಿದೆ, ವಾಪಸು ಕಳಿಸುವ ಖರ್ಚು ನಿಮ್ಮದು ಅಂತ ಉತ್ತರ ಬಂತು. ಕೊನೆಗೆ ಎರಡೂ ಕಪ್ಪು ನಡುವಲ್ಲಿ ಥ್ರೆಡ್ಡಿನಿಂದ ಒಂದನ್ನೊಂದು ಕಚ್ಚಿಕೊಳ್ಳುವ ಮಾದರಿಯ ಬಾಟಮ್ ಬ್ರಾಕೆಟ್ ತರಿಸಿ, ರಿಟೇನಿಂಗ್ ಕಾಂಪೌಂಡ್ (ಸಂದು ತುಂಬಿ ಹಿಡಿಯುವ ಅಂಟು) ಹಚ್ಚಿ ಕೂರಿಸಿದ ಮೇಲೆ ಸದ್ದು ನಿಂತಿದೆ. ಥ್ರೆಡ್ ಇರುವ ಬಿಎಸ್‌ಎ ಅಥವಾ ಟಿ47 ಸಿಕ್ಕಿದರೆ ಅದನ್ನೇ ತಗೊಳ್ಳಿ.

ಕೇಬಲ್ ಬಗ್ಗೆಯೂ ಹೇಳಬೇಕು. ಈಗಿನ ಹೊಸ ಅಚ್ಚುಗಳಲ್ಲಿ ಬಹಳಷ್ಟರಲ್ಲಿ ಕೇಬಲ್, ಬ್ರೇಕ್ ಹೋಸ್ ಎಲ್ಲ ಹ್ಯಾಂಡಲಿನೊಳಗಿನಿಂದ ಹೆಡ್‌ಸೆಟ್ ಬೇರಿಂಗ್ ಮೂಲಕ ಇಳೀತದೆ. ನೋಡ್ಲಿಕ್ಕೆ ಚಂದವೋ ಚಂದ. ಆದರೆ ಮಂಗಳೂರಿನ ಒಂದು ವರ್ಷದ ಮಳೆ ಮೂರೂವರೆ ಸಾವಿರ ಮಿಲಿಮೀಟರ್ ದಾಟ್ತದೆ, ಮುಂದಿನ ಚಕ್ರ ಎಸೆಯುವ ನೀರೆಲ್ಲ ಕೆಳಗಿನ ಬೇರಿಂಗಿಗೇ. ಮಳೆಯಲ್ಲಿ ಓಡಿಸುವ ಬೈಕಿಗೆ ಆ ಬೇರಿಂಗ್ ಒಂದು ಮಳೆಗಾಲ ಕಂಡರೆ ದೊಡ್ಡದು. ಮೇಲಿನ ಬೇರಿಂಗ್ ಬದಲಿಸಬೇಕಾದರೆ ಅಂಥ ಬೈಕಿನಲ್ಲಿ ಹೋಸ್ ಬಿಚ್ಚಿ, ಮತ್ತೆ ಮಿನರಲ್ ಆಯಿಲ್ ತುಂಬಿ, ಗಾಳಿ ತೆಗೆದು... ಪಡುಕೆರೆಯವರ ಬೈಕಿನಲ್ಲಾದರೆ ಅದು ಕಾಲು ಗಂಟೆಯ ಕೆಲಸ.

ಕೂಳೂರು ಸೇತುವೆ

ಬಿಚ್ಚಲಿಕ್ಕೆ ಬರುವ ಫ್ರೇಮೇ ಆರಿಸಬೇಕು ಅನ್ನುವುದನ್ನು ಒಪ್ಪಿದೆ, ಅದು ಬ್ರ್ಯಾಂಡಿನ ಬೈಕಿಗೂ ಹೊಂದುವ ಮಾತು. ಫೋರ್ಕಿನ ವಿಷಯದಲ್ಲಿ ನಾನು ಇನ್ನೂ ಅಲ್ಲೇ ನಿಂತಿದ್ದೇನೆ. ಫ್ರೇಮ್ ಚೀನಾದ್ದಾದರೂ ಫೋರ್ಕ್ ಹೆಸರುಳ್ಳ ಕಂಪನಿಯದ್ದು ಹಾಕಬಹುದಲ್ಲ?

ಪಡುಕೆರೆ ಸವಾರ

ಹಾಕಬಹುದು, ನಿಮ್ಮ ಮನಸ್ಸಿಗೆ ಅದೇ ನೆಮ್ಮದಿಯಾದರೆ ಖಂಡಿತ ಹಾಕಿ. ಸ್ಟಿಯರರ್ ಟೇಪರ್ಡ್, ಕೆಳಗಿನ ಬೇರಿಂಗ್ ಒಂದೂವರೆ ಇಂಚಿನದ್ದೇ ಇರಬೇಕು. ಆಕ್ಸೆಲಿನಿಂದ ಕ್ರೌನಿನವರೆಗಿನ ಉದ್ದ, ಮುಂದಕ್ಕೆ ಬಾಗಿದ ಅಳತೆ (ಆಫ್‌ಸೆಟ್) ಎರಡೂ ಮೂಲ ಫೋರ್ಕಿಗೆ ಹತ್ತಿರ ಇರಬೇಕು. ಇಲ್ಲದಿದ್ದರೆ ಬೈಕಿನ ತಿರುವು ಬದಲಾಗ್ತದೆ.

ನಾನು ಕಂಡ ಹಾಗೆ ಸ್ಟಿಯರರ್ ಒಡೆದ ಕಥೆಗಳಲ್ಲಿ ಬಹಳಷ್ಟು ಜೋಡಿಸುವಾಗ ಶುರುವಾಗಿವೆ. ಲೋಹದ ಸ್ಟಿಯರರಿಗೆ ಬಡಿದು ಕೂರಿಸುವ ಸ್ಟಾರ್ ನಟ್ಟನ್ನು ಕಾರ್ಬನ್ ಸ್ಟಿಯರರಿಗೂ ಹೊಡೆಯುವುದು. ಎಕ್ಸ್‌ಪ್ಯಾಂಡರನ್ನು (ಸ್ಟಿಯರರ್ ಒಳಗೆ ಹಿಗ್ಗಿ ಕೂರುವ ಪ್ಲಗ್) ಸ್ಟೆಮ್ (ಹ್ಯಾಂಡಲನ್ನು ಸ್ಟಿಯರರಿಗೆ ಕಟ್ಟುವ ಭಾಗ) ಹಿಡಿಯುವ ಜಾಗಕ್ಕಿಂತ ಕೆಳಗೆ ಬಿಡುವುದು, ಹಾಗಾದಾಗ ಸ್ಟೆಮ್ ಒತ್ತುವಲ್ಲಿ ಒಳಗಿನಿಂದ ಆಸರೆ ಇಲ್ಲ. ಒಂದು ಬೋಲ್ಟನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗುವುದು. ಸ್ಟೆಮ್ಮಿಗೆ 5 ನ್ಯೂಟನ್ ಮೀಟರ್, ಎರಡೂ ಬೋಲ್ಟಿಗೆ ಸ್ವಲ್ಪ ಸ್ವಲ್ಪ ಬದಲಿಸುತ್ತಾ. ಸೀಟ್ ಕ್ಲ್ಯಾಂಪಿಗೂ 5. ಭಾಗದ ಮೇಲೆ ಬೇರೆ ಸಂಖ್ಯೆ ಬರೆದಿದ್ದರೆ ಅದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದೆ ಕಾರ್ಬನ್ ಬೈಕ್ ಕಟ್ಟಬಾರದು. ಫ್ರೇಮಿನಲ್ಲಿ ಉಳಿದ ದುಡ್ಡಿನಿಂದ ಮೊದಲು ಕೊಳ್ಳಬೇಕಾದ್ದು ಅದು.

ಕಾರ್ಕಳ ಕಲ್ಲುದಾರಿ

ಟಾರ್ಕ್ ರೆಂಚ್ ಮಾತು ಬಂದದ್ದು ಒಳ್ಳೆಯದಾಯಿತು. ಇಲ್ಲಿಯ ಒಂದು ಅಂಗಡಿಯವರು ನನ್ನ ಫ್ರೇಮ್ ಕಂಡ ಕೂಡಲೇ 'ಇದಕ್ಕೆ ನಾವು ಕೈ ಹಾಕುವುದಿಲ್ಲ' ಅಂದರು. ಮೊದಲು ಬೇಜಾರಾಯಿತು, ಆದರೆ ಅವರ ಕಡೆಯಿಂದಲೂ ನೋಡಬೇಕು. ನಾಳೆ ಏನಾದರೂ ಆದರೆ ಜವಾಬ್ದಾರಿ ಅವರ ತಲೆಗೇ. ಹಾಗಾಗಿ ಇಂಥ ಫ್ರೇಮ್ ತರಿಸುವವರು ಕೆಲಸ ಕಲಿಯಲು ತಯಾರಿರಬೇಕು, ಇಲ್ಲವೇ ಕಲಿತ ಗೆಳೆಯರಿರಬೇಕು.

ಬಿದ್ದ ಮೇಲೆ ಪರೀಕ್ಷಿಸುವ ಬಗ್ಗೆ ಯಾರೂ ಬರೆಯಲಿಲ್ಲ. ಹಿರಿಯಡ್ಕ ಹತ್ತಿರ ನಾಯಿ ಅಡ್ಡ ಬಂದು ನಾನು ಬಿದ್ದಾಗ ಟಾಪ್ ಟ್ಯೂಬಿನ ಮೇಲೆ ಹ್ಯಾಂಡಲ್ ಬಡಿದು ಗೆರೆ ಬಿತ್ತು. ಬಣ್ಣದ ಬಿರುಕಾ, ಕಾರ್ಬನ್ನಿನ ಬಿರುಕಾ? ಉಗುರು ಸಿಕ್ಕಿಕೊಳ್ಳುತ್ತದಾ ನೋಡಿದೆ. ಐದು ರೂಪಾಯಿ ನಾಣ್ಯದಿಂದ ಗೆರೆಯ ಸುತ್ತ ಮೆಲ್ಲ ಬಡಿಯುತ್ತಾ ಹೋದೆ. ಗಟ್ಟಿ ಕಾರ್ಬನ್ ಟಣ್ ಟಣ್ ಅಂತದೆ, ಪದರ ಬಿಟ್ಟ ಜಾಗ ಬೊದ್ದಾಗಿ ಕೇಳ್ತದೆ. ನನ್ನದರಲ್ಲಿ ಎಲ್ಲ ಕಡೆ ಒಂದೇ ಸದ್ದು. ಅಷ್ಟಕ್ಕೇ ಬಿಡದೆ ಒಳಗಿನಿಂದ ಕ್ಯಾಮೆರಾ ಬಿಟ್ಟೂ ನೋಡಿದೆ. ಫೋರ್ಕನ್ನು ಮಾತ್ರ ಹಾಗೆ ಪಾಸು ಮಾಡಬೇಡಿ. ಎದುರಿನಿಂದ ಗುದ್ದಿದ್ದರೆ ಹೊರತೆಗೆದು ಕ್ರೌನ್, ಸ್ಟಿಯರರ್ ಎರಡನ್ನೂ ನೋಡಿ, ಸಂಶಯ ಬಂದರೆ ಬದಲಿಸಿ.

ಬಜಪೆ ಗುಡ್ಡೆ

ಘಾಟಿ ಇಳಿಯುವವರಿಗೆ ಸಣ್ಣ ಸೇರ್ಪಡೆ. ಕಡಿಮೆ ಬೆಲೆಗೆ ರಿಮ್ ಬ್ರೇಕಿನ ಕಾರ್ಬನ್ ಚಕ್ರ ಸಿಗ್ತದೆ ಅಂತ ಆಸೆಪಡಬೇಡಿ. ಆಗುಂಬೆಯ 14 ತಿರುವು ಬ್ರೇಕ್ ಒತ್ತಿಕೊಂಡೇ ಇಳಿದರೆ ರಿಮ್ಮಿನ ರೆಸಿನ್ ಕಾದು ಮೆತ್ತಗಾಗಬಹುದು, ಮಳೆಯಲ್ಲಿ ಹಿಡಿಯುವುದೂ ಕಡಿಮೆ. ಡಿಸ್ಕಿನಲ್ಲಿ ಆ ಚಿಂತೆ ಇಲ್ಲ. ಮಳೆಗಾಲಕ್ಕೆ ರೆಸಿನ್ ಪ್ಯಾಡ್ ಕೆಂಪು ಮಣ್ಣಿನ ಕೆಸರಿಗೆ ಬೇಗ ಸವೀತದೆ, ಮೆಟಲ್ ಪ್ಯಾಡ್ ಹಾಕಿ. ರೋಟರಿನ ಮೇಲೆ 'ರೆಸಿನ್ ಮಾತ್ರ' ಅಂತ ಬರೆದಿದ್ದರೆ ಮೊದಲು ರೋಟರ್ ಬದಲಿಸಿ.

ಕಟಪಾಡಿಯ ಅಕ್ಕ

ಎಲ್ಲ ಓದಿದೆ, ಉಪಯೋಗವಾಯಿತು. ನನ್ನ ಎತ್ತರ 5 ಅಡಿ 2 ಇಂಚು. 200 ಕಿ.ಮೀ. ಬಿಆರ್‌ಎಂ (ಸಮಯದ ಮಿತಿ ಇರುವ ದೂರದ ಸವಾರಿ) ಮಾಡಬೇಕು ಅಂತ ಬಹಳ ಆಸೆ ಉಂಟು, ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಲ್ಲ, ಅಷ್ಟು ಹೊತ್ತು ಕೂರುವ ಬೈಕ್ ಬೇಕು. ಅಂಗಡಿಯಲ್ಲಿ ಸಿಗುವುದೆಲ್ಲ ನನಗೆ ದೊಡ್ಡದು. ಚೀನಾದವರ ಪಟ್ಟಿಯಲ್ಲಿ 46, 48 ಅಂತ ಉಂಟು. ಕಣ್ಣುಮುಚ್ಚಿ 46 ತಗೊಂಡರೆ ಆಗ್ತದಾ?

ನೀರುಮಾರ್ಗ ಏರು

ಅಕ್ಕ, ಸೈಜಿನ ಸಂಖ್ಯೆ ನೋಡಬೇಡಿ. ಸ್ಟ್ಯಾಕ್, ರೀಚ್ ಎರಡೇ ನೋಡಿ. ಬಾಟಮ್ ಬ್ರಾಕೆಟ್ ನಡುವಿನಿಂದ ಹೆಡ್‌ಟ್ಯೂಬಿನ ತುದಿಗೆ ಮೇಲಕ್ಕೆ ಎಷ್ಟು, ಮುಂದಕ್ಕೆ ಎಷ್ಟು ಅಂತ. ಸಣ್ಣ ಸೈಜಿನಲ್ಲಿ ಕೆಲವು ಅಚ್ಚಿನವರು ಸೀಟ್‌ಟ್ಯೂಬಿನ ಕೋನ ನೆಟ್ಟಗೆ ಮಾಡಿ ಟಾಪ್ ಟ್ಯೂಬ್ ಗಿಡ್ಡ ಅಂತ ತೋರಿಸ್ತಾರೆ, ರೀಚ್ ಮಾತ್ರ 50ರ ಸೈಜಿಗೂ 46ಕ್ಕೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಕಾಲಿನ ತುದಿ ಮುಂದಿನ ಚಕ್ರಕ್ಕೆ ತಾಗುವ ಸಮಸ್ಯೆಯೂ ಸಣ್ಣ ಫ್ರೇಮಿನಲ್ಲಿ ಸಾಮಾನ್ಯ. ಈಗ ಓಡಿಸುವ ಬೈಕಿನಲ್ಲಿ ಎಲ್ಲಿ ನೋಯ್ತದೆ, ಅದರ ಸ್ಟ್ಯಾಕ್ ರೀಚ್ ಎಷ್ಟು ಅಂತ ಅಳೆದು ಹಾಕಿ, ಅದರ ಮೇಲೆ ಮಾತಾಡುವಾ. ಕ್ರ್ಯಾಂಕ್ 165 ಮಿ.ಮೀ., ಹ್ಯಾಂಡಲ್ 38 ಸೆಂ.ಮೀ. ಹಾಕಿದರೆ ಭುಜಕ್ಕೂ ಮೊಣಕಾಲಿಗೂ ಆರಾಮ.

ಮತ್ತೊಂದು, 200 ಕಿ.ಮೀ. ದೂರಕ್ಕೆ ಫ್ರೇಮಿನಲ್ಲಿ ಉಳಿಯುವ 300 ಗ್ರಾಂ ಏನೂ ಅಲ್ಲ. ತುಂಬಿದ ಒಂದು ಬಾಟಲಿ ಅದಕ್ಕಿಂತ ಭಾರ. ನಿಮ್ಮ ಅಳತೆಗೆ ಸರಿಯಾದ ಅಲ್ಯೂಮಿನಿಯಂ ಫ್ರೇಮ್ ಸಿಕ್ಕಿದರೆ ಅದೇ ಒಳ್ಳೆಯದು. ಅಳತೆ ಸಿಗುವುದು ಚೀನಾದ ಅಚ್ಚಿನಲ್ಲಿ ಮಾತ್ರ ಅಂತಾದರೆ, ತರಿಸ್ಲಿಕ್ಕೆ ಅದಕ್ಕಿಂತ ಒಳ್ಳೆಯ ಕಾರಣ ಬೇರೆ ಇಲ್ಲ.

ಕಟಪಾಡಿಯ ಅಕ್ಕ

ಈಗಿನದ್ದರಲ್ಲಿ ಎರಡು ಗಂಟೆ ಕಳೆದರೆ ಕುತ್ತಿಗೆ ಹಿಡೀತದೆ, ಕೈ ಎಳೆದ ಹಾಗೆ ಆಗ್ತದೆ. ಸ್ಟ್ಯಾಕ್ 520, ರೀಚ್ 378 ಬಂತು, ಗೋಡೆಗೆ ಒರಗಿಸಿ ಮಟ್ಟಗೋಲು ಹಿಡಿದು ಅಳೆದೆ. ಸ್ಟೆಮ್ 100 ಮಿ.ಮೀ.

ನೀರುಮಾರ್ಗ ಏರು

ಹಾಗಾದರೆ ಫ್ರೇಮಿಗಿಂತ ಮೊದಲು 80ರ ಸ್ಟೆಮ್ ಹಾಕಿ ಓಡಿಸಿ ನೋಡಿ, ಕೆಲವೇ ನೂರು ರೂಪಾಯಿಯ ವಿಷಯ. ಕುತ್ತಿಗೆ ಬಿಟ್ಟರೆ ಹೊಸ ಫ್ರೇಮ್ ಹುಡುಕುವಾಗ ರೀಚ್ 365 ಆಸುಪಾಸು, ಸ್ಟ್ಯಾಕ್ 520ಕ್ಕಿಂತ ಕಡಿಮೆ ಅಲ್ಲ, ಅಂತ ಗುರಿ ಇಟ್ಟುಕೊಳ್ಳಬಹುದು.

ಕುಂದಾಪ್ರ ಕಡೆಯವ

ನಾನೂ ಮೇಲ್ ಬರೆದಾಯ್ತು. ಫ್ರೇಮಿನ ಜೊತೆಗೆ ಇನ್ನೇನು ಕೇಳ್ಲಿ? ಕಡೆಗೆ ಒಂದು ಸಣ್ಣ ಸಾಮಾನಿಗೆ ಮತ್ತೊಂದು ಕೊರಿಯರ್ ಮಾಡ್ಸುದ್ ಬೇಡ.

ಪಡುಕೆರೆ ಸವಾರ

ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ಹಿಡಿಸುವ ತುಂಡು) ಎರಡು ಹೆಚ್ಚಿಗೆ. ಪ್ರತಿ ಅಚ್ಚಿಗೂ ಬೇರೆ ಆಕಾರ, ಬೈಕ್ ಸುಮ್ಮನೆ ಬಲಕ್ಕೆ ಬಿದ್ದರೂ ಬಾಗ್ತದೆ, ಇಲ್ಲಿ ಎಲ್ಲೂ ಸಿಗುವುದಿಲ್ಲ. ಯುಡಿಎಚ್ (ಹಲವು ಫ್ರೇಮಿಗೆ ಹೊಂದುವ ಒಂದೇ ಆಕಾರದ ಹ್ಯಾಂಗರ್) ಇರುವ ಫ್ರೇಮಾದರೆ ಆ ಚಿಂತೆ ಕಡಿಮೆ. ಥ್ರೂ ಆಕ್ಸೆಲ್ ಒಂದು ಜೊತೆ, ಅದರ ಥ್ರೆಡ್ ಪಿಚ್ 1.0ವಾ 1.5ವಾ ಅಂತ ಬರೆಸಿಕೊಳ್ಳಿ, ಕಳೆದುಹೋದರೆ ಬೇರೆಯದ್ದು ಹುಡುಕುವಾಗ ಅದೇ ಬೇಕಾಗುವುದು. ಸೀಟ್ ಕ್ಲ್ಯಾಂಪ್, ಎಕ್ಸ್‌ಪ್ಯಾಂಡರ್, ಕೇಬಲ್ ತೂತಿನ ರಬ್ಬರ್‌ಗಳು ಎರಡು ಜೊತೆ. ಹೆಡ್‌ಸೆಟ್ ಬೇರಿಂಗಿನ ಅಳತೆ, ಕೋನ ಬೇರಿಂಗಿನ ಮೇಲೆಯೇ ಕೊರೆದಿರ್ತದೆ, ಜೋಡಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ. ಮೇ ತಿಂಗಳು ಮುಗಿಯುವ ಮೊದಲು ಆ ಅಳತೆಯ ಸ್ಟೇನ್‌ಲೆಸ್ ಬೇರಿಂಗ್ ಒಂದು ಜೊತೆ ತರಿಸಿ ಇಟ್ಟುಕೊಂಡಿರಿ.